ರೆಕಾರ್ಡ್ ಪುಸ್ತಕದಲ್ಲಿ ಬರೆಯದೆ ಬಿಟ್ಟದ್ದು

ಪಿಯುಸಿ ಭೌತಶಾಸ್ತ್ರದ ಪ್ರಯೋಗಾಲಯದಲ್ಲಿ ಪ್ರತಿವರ್ಷ ತಪ್ಪದೆ ನಡೆಯುವ ಒಂದು ಪ್ರಸಂಗವಿದೆ. ಅಂದು ಸರಳ ಲೋಲಕದ ಪ್ರಯೋಗ. ಸ್ಟ್ಯಾಂಡಿಗೆ ದಾರ ಕಟ್ಟಿ, ತುದಿಗೆ ಲೋಹದ ಗುಂಡನ್ನು ತೂಗುಬಿಟ್ಟು, ಅದು 20 ಆಂದೋಲನ ಮುಗಿಸಲು ಎಷ್ಟು ಸೆಕೆಂಡು ಹಿಡಿಯುತ್ತದೆಂದು ಸ್ಟಾಪ್ ವಾಚಿನಲ್ಲಿ ಅಳೆದು, ಅದರಿಂದ ಗುರುತ್ವ ವೇಗೋತ್ಕರ್ಷವನ್ನು ಲೆಕ್ಕ ಹಾಕಬೇಕು. ಉತ್ತರ ಎಷ್ಟು ಬರಬೇಕೆಂಬುದು ಗುಂಡು ಅಲುಗಾಡುವ ಮೊದಲೇ ತರಗತಿಗೆಲ್ಲ ಗೊತ್ತು: 980. ಹಿಂದಿನ ವರ್ಷದವರ ರೆಕಾರ್ಡ್ ಪುಸ್ತಕದಲ್ಲಿ ಅದೇ ಇದೆ, ಗೈಡಿನಲ್ಲಿಯೂ ಅದೇ ಇದೆ.

ಒಬ್ಬ ಹುಡುಗನಿಗೆ 1082 ಬಂತು ಎನ್ನಿ. ಅವನು ಬೆವರುತ್ತಾನೆ. ಪಕ್ಕದ ಮೇಜಿನವನಿಗೆ 979 ಬಂದಿದೆ. ಮತ್ತೊಮ್ಮೆ ಅಳೆಯೋಣವೆಂದರೆ ಬೆಲ್ಲು ಹೊಡೆಯುವ ಹೊತ್ತು. ಆಗ ಅವನು ಮಾಡುವ ಕೆಲಸಕ್ಕೆ ಪ್ರಯೋಗಾಲಯದ ಭಾಷೆಯಲ್ಲಿ 'ರೀಡಿಂಗ್ ಅಡ್ಜಸ್ಟ್ ಮಾಡುವುದು' ಎಂದು ಹೆಸರು. 980ರಿಂದ ಹಿಂದಕ್ಕೆ ಲೆಕ್ಕ ಹಾಕಿ, ಎಷ್ಟು ಸೆಕೆಂಡು ಬಂದಿದ್ದರೆ ಸರಿಹೋಗುತ್ತಿತ್ತೋ ಅಷ್ಟನ್ನು ಕೋಷ್ಟಕದಲ್ಲಿ ತುಂಬುತ್ತಾನೆ. ರೆಕಾರ್ಡ್ ಪುಸ್ತಕ ಅಚ್ಚುಕಟ್ಟಾಗಿ ಕಾಣುತ್ತದೆ. ಮೇಷ್ಟ್ರ ಸಹಿಯೂ ಬೀಳುತ್ತದೆ.

ಇದರಿಂದ ಯಾರಿಗೇನು ನಷ್ಟ ಎಂದು ಹುಡುಗ ಕೇಳಬಹುದು. ಒಂದು ಮೀಟರ್ ಉದ್ದದ ಲೋಲಕ 20 ಆಂದೋಲನ ಮುಗಿಸಲು ಸುಮಾರು 40.2 ಸೆಕೆಂಡು ಬೇಕು. ಈ ಹುಡುಗನ ವಾಚಿನಲ್ಲಿ ಬಂದದ್ದು 38.2. ಸರಿಯಾಗಿ ಒಂದು ಆಂದೋಲನದಷ್ಟು ಕಡಿಮೆ. ವಾಚಿನ ಗುಂಡಿ ಒತ್ತಿದ ಕ್ಷಣದಲ್ಲಿ ಅವನು 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಕೆ ಶುರುಮಾಡಿದ್ದ. ಅವನ ಇಪ್ಪತ್ತು ನಿಜವಾಗಿ ಹತ್ತೊಂಬತ್ತು. 38.2 ಎಂದೇ ಬರೆದಿದ್ದರೆ ಅನುಭವಸ್ಥ ಮೇಷ್ಟ್ರು ಅರ್ಧ ನಿಮಿಷದಲ್ಲಿ ತಪ್ಪನ್ನು ಹಿಡಿದು ತೋರಿಸುತ್ತಿದ್ದರು. ಅಡ್ಜಸ್ಟ್ ಮಾಡಿದ ಪುಸ್ತಕದಿಂದ ಯಾರೂ ಏನನ್ನೂ ಹಿಡಿಯಲಾರರು. ಮುಂದಿನ ಪ್ರಯೋಗದಲ್ಲೂ ಅವನು 'ಒಂದು' ಎಂದೇ ಶುರುಮಾಡುತ್ತಾನೆ. ತಪ್ಪು ಉತ್ತರವಾದರೂ ನಡೆದದ್ದನ್ನು ನಡೆದಂತೆ ಬರೆದಿದ್ದರೆ ಅದರಿಂದ ಕಲಿಯುವುದು ಸಾಧ್ಯ. ಅಂದಹಾಗೆ, ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ 980 ಅಲ್ಲ, ಸುಮಾರು 978. ಊರು ಭೂಮಧ್ಯರೇಖೆಗೆ ಹತ್ತಿರ, ಸಮುದ್ರಮಟ್ಟದಿಂದ ಎತ್ತರ. ಎಲ್ಲರೂ 980ಕ್ಕೆ ಅಡ್ಜಸ್ಟ್ ಮಾಡಿದರೆ ಈ ಸಂಗತಿಯೂ ಅಳಿಸಿಹೋಗುತ್ತದೆ.

ಲೋಲಕದ ಗುಂಡಿನಿಂದ ಯಾರ ಪ್ರಾಣಕ್ಕೂ ಅಪಾಯವಿಲ್ಲ, ನಿಜ. ಆದರೆ ನಡೆದದ್ದನ್ನು ಬರೆಯದೆ ಬಿಡುವ ಅಭ್ಯಾಸ ಆಸ್ಪತ್ರೆಯ ಸಂಶೋಧನೆಗೆ ಕಾಲಿಟ್ಟರೆ ಏನಾಗುತ್ತದೆ?

1980ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ವೈದ್ಯರ ತಂಡವೊಂದು ಲೋರ್ಕೈನೈಡ್ ಎಂಬ ಔಷಧಿಯ ಪ್ರಯೋಗ ನಡೆಸಿತು. ಹೃದಯಾಘಾತವಾದವರಲ್ಲಿ ಎದೆಬಡಿತ ತಾಳ ತಪ್ಪುವುದುಂಟು. ಹಾಗೆ ತಾಳ ತಪ್ಪಿದವರು ಹಠಾತ್ತನೆ ಸಾಯುವ ಸಂಭವ ಹೆಚ್ಚು. ತಾಳ ಸರಿಪಡಿಸಿದರೆ ಜೀವ ಉಳಿದೀತು ಎಂಬ ತರ್ಕ ಯಾರಿಗೂ ಒಪ್ಪಿಗೆಯಾಗುವಂಥದ್ದು. ನೂರಕ್ಕಿಂತ ಸ್ವಲ್ಪ ಕಡಿಮೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಔಷಧಿ, ಇನ್ನೊಂದಕ್ಕೆ ಔಷಧಾಂಶವಿಲ್ಲದ ಹುಸಿ ಮದ್ದು ಕೊಟ್ಟರು. ಔಷಧಿ ತೆಗೆದುಕೊಂಡವರ ಎದೆಬಡಿತದ ತಾಳವೇನೋ ಸುಧಾರಿಸಿತು. ಆದರೆ ಆ ಗುಂಪಿನಲ್ಲಿ 9 ಮಂದಿ ಸತ್ತರು. ಹುಸಿ ಮದ್ದಿನ ಗುಂಪಿನಲ್ಲಿ ಸತ್ತವನು ಒಬ್ಬ.

ಪ್ರಯೋಗ ಚಿಕ್ಕದು, ಈ ವ್ಯತ್ಯಾಸ ಆಕಸ್ಮಿಕವಿರಬೇಕು ಎಂದು ವೈದ್ಯರು ಭಾವಿಸಿದರು. ಈ ನಡುವೆ ವ್ಯಾಪಾರದ ಕಾರಣಗಳಿಗಾಗಿ ಔಷಧಿಯ ತಯಾರಿಯ ಪ್ರಯತ್ನವೇ ನಿಂತುಹೋಯಿತು. ವರದಿಯೂ ಪ್ರಕಟವಾಗಲಿಲ್ಲ. ಯಾರೂ ಸುಳ್ಳು ಬರೆಯಲಿಲ್ಲ, ಯಾರೂ ಅಂಕಿ ತಿದ್ದಲಿಲ್ಲ. ಬರೆಯದೆ ಬಿಟ್ಟರು, ಅಷ್ಟೆ.

ಆ ದಶಕದಲ್ಲಿ ಅದೇ ಜಾತಿಯ ಬೇರೆ ಔಷಧಿಗಳು ಬಳಕೆಗೆ ಬಂದವು. ಕೊನೆಗೆ ಅಮೆರಿಕದಲ್ಲಿ ಎನ್ಕೈನೈಡ್ ಮತ್ತು ಫ್ಲೆಕೈನೈಡ್ ಎಂಬ ಎರಡು ಔಷಧಿಗಳನ್ನು ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಲು ಹೊರಟಾಗ 1989ರಲ್ಲಿ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಔಷಧಿ ಪಡೆದ 755 ಜನರಲ್ಲಿ 63 ಸಾವು, ಹುಸಿ ಮದ್ದು ಪಡೆದ 743 ಜನರಲ್ಲಿ 26 ಸಾವು. ಜೀವ ಉಳಿಸಲೆಂದು ಕೊಟ್ಟ ಗುಳಿಗೆ ಜೀವ ತೆಗೆಯುತ್ತಿತ್ತು. ನಾಟಿಂಗ್‌ಹ್ಯಾಮ್‌ನ ವೈದ್ಯರು ತಮ್ಮ ಹಳೆಯ ಅಂಕಿಗಳನ್ನು 1993ರಲ್ಲಿ ಪ್ರಕಟಿಸಿದರು. ಅಂದೇ ಪ್ರಕಟಿಸಿದ್ದರೆ ಅದೊಂದು ಮುನ್ನೆಚ್ಚರಿಕೆಯಾಗಬಹುದಿತ್ತು ಎಂದು ತಾವೇ ಒಪ್ಪಿಕೊಂಡರು. ಹದಿಮೂರು ವರ್ಷ ತಡವಾಗಿಯಾದರೂ ಹಾಗೆ ಬರೆಯುವುದಕ್ಕೆ ಎದೆಗಾರಿಕೆ ಬೇಕು.

ಹಾಗಾದರೆ ಒಳ್ಳೆಯ ವರದಿ ಹೇಗಿರುತ್ತದೆ? ಅದಕ್ಕೆ 1948ಕ್ಕೆ ಹೋಗಬೇಕು. ಎರಡನೆಯ ಮಹಾಯುದ್ಧ ಆಗಷ್ಟೇ ಮುಗಿದಿದ್ದ ಕಾಲ. ಕ್ಷಯಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಅಮೆರಿಕದಿಂದ ಬಂದಿತ್ತು. ಬ್ರಿಟನ್ನಿಗೆ ಸಿಕ್ಕಿದ್ದು ಸ್ವಲ್ಪವೇ. ಎಲ್ಲ ರೋಗಿಗಳಿಗೂ ಸಾಲದು. ಅಲ್ಲಿನ ವೈದ್ಯಕೀಯ ಸಂಶೋಧನಾ ಮಂಡಳಿ 107 ರೋಗಿಗಳನ್ನು ಆರಿಸಿ, 55 ಜನರಿಗೆ ಔಷಧಿ ಮತ್ತು ವಿಶ್ರಾಂತಿ, 52 ಜನರಿಗೆ ಅಂದಿನ ರೂಢಿಯಂತೆ ಬರೀ ವಿಶ್ರಾಂತಿ ಎಂದು ಗೊತ್ತುಮಾಡಿತು. ಯಾರಿಗೆ ಯಾವುದು ಎಂಬುದನ್ನು ವೈದ್ಯರು ನಿರ್ಧರಿಸಲಿಲ್ಲ. ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞ ಯಾದೃಚ್ಛಿಕ ಸಂಖ್ಯೆಗಳ ಕೋಷ್ಟಕದಿಂದ ಪಟ್ಟಿ ತಯಾರಿಸಿ, ಮೊಹರು ಮಾಡಿದ ಲಕೋಟೆಗಳಲ್ಲಿ ಇಟ್ಟಿದ್ದರು. ರೋಗಿಯನ್ನು ಪ್ರಯೋಗಕ್ಕೆ ಸೇರಿಸಿಕೊಂಡ ಮೇಲೆಯೇ ಲಕೋಟೆ ಒಡೆಯಬೇಕು. ಎಕ್ಸ್-ರೇ ನೋಡಿದ ತಜ್ಞರಿಗೆ ಅದು ಯಾವ ಗುಂಪಿನವನ ಎದೆಯೆಂದು ತಿಳಿದಿರಲಿಲ್ಲ. ಆರು ತಿಂಗಳಲ್ಲಿ ಔಷಧಿಯ ಗುಂಪಿನಲ್ಲಿ 4 ಸಾವು, ಇನ್ನೊಂದರಲ್ಲಿ 14.

ಈ ಪ್ರಯೋಗದಷ್ಟೇ ಅದರ ವರದಿಯೂ ಮುಖ್ಯ. ಲಕೋಟೆ ಹೇಗೆ ಸಿದ್ಧವಾಯಿತು, ಯಾರು ಒಡೆದರು, ಎಕ್ಸ್-ರೇಯನ್ನು ಯಾರು ಹೇಗೆ ಓದಿದರು ಎಲ್ಲವನ್ನೂ ಅದರಲ್ಲಿ ಬಿಡಿಸಿ ಬರೆದಿದ್ದರು. ಹಲವು ರೋಗಿಗಳಲ್ಲಿ ಕ್ಷಯದ ರೋಗಾಣುಗಳು ಕೆಲವೇ ವಾರಗಳಲ್ಲಿ ಈ ಔಷಧಿಗೆ ಬಗ್ಗದಂತಾದವು ಎಂಬ ಕಹಿ ಸಂಗತಿಯನ್ನೂ ಮುಚ್ಚಿಡಲಿಲ್ಲ. ಅದನ್ನು ಬರೆದದ್ದರಿಂದಲೇ ಒಂದೇ ಔಷಧಿಯ ಬದಲು ಎರಡು ಮೂರನ್ನು ಕೂಡಿಸಿ ಕೊಡುವ ದಾರಿ ಬೇಗ ತೆರೆಯಿತು.

ಆ ಪರಂಪರೆಯ ಒಂದು ಕವಲು ನಮ್ಮ ಪಕ್ಕದ ಮದರಾಸಿಗೂ ಬಂತು. ಕ್ಷಯ ಎಂದರೆ ಸ್ಯಾನಿಟೋರಿಯಮ್ಮಿಗೆ ಸೇರಿಸಬೇಕು, ಒಳ್ಳೆಯ ಗಾಳಿ, ಹಾಲು, ಮೊಟ್ಟೆ, ಪೂರ್ಣ ವಿಶ್ರಾಂತಿ ಬೇಕು ಎಂದು ಜಗತ್ತೇ ನಂಬಿದ್ದ ಕಾಲ. ಮೈಸೂರಿನ ಕೃಷ್ಣಾಜಮ್ಮಣ್ಣಿ ಸ್ಯಾನಿಟೋರಿಯಂ ನೆನಪಿರುವ ಹಿರಿಯರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ದೇಶದ ಲಕ್ಷಾಂತರ ರೋಗಿಗಳಿಗೆ ಅಷ್ಟು ಹಾಸಿಗೆಗಳನ್ನು ಎಲ್ಲಿಂದ ತರುವುದು? 1956ರಲ್ಲಿ ಆರಂಭವಾದ ಮದರಾಸಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರ 193 ಬಡ ರೋಗಿಗಳನ್ನು ಇದೇ ರೀತಿ ಯಾದೃಚ್ಛಿಕವಾಗಿ ಹಂಚಿ, ಅರ್ಧದಷ್ಟು ಜನರನ್ನು ಸ್ಯಾನಿಟೋರಿಯಮ್ಮಿಗೆ ಸೇರಿಸಿ, ಉಳಿದವರಿಗೆ ಅವರವರ ಇಕ್ಕಟ್ಟಾದ ಮನೆಗಳಲ್ಲೇ ಅದೇ ಗುಳಿಗೆಗಳನ್ನು ಒಂದು ವರ್ಷ ಕೊಟ್ಟು ನೋಡಿತು. ವರದಿ 1959ರಲ್ಲಿ ಬಂತು. ಮನೆಯಲ್ಲಿದ್ದವರಲ್ಲಿ ಶೇಕಡಾ 86, ಸ್ಯಾನಿಟೋರಿಯಮ್ಮಿನಲ್ಲಿದ್ದವರಲ್ಲಿ ಶೇಕಡಾ 92 ಜನರಲ್ಲಿ ರೋಗ ಹತೋಟಿಗೆ ಬಂದಿತ್ತು. ಅಂತರ ಅಷ್ಟೇ. ಮನೆಯವರಿಗೆ ಅಂಟುವ ಭಯವೂ ಇತ್ತಲ್ಲ? ಕುಟುಂಬದವರನ್ನು ಐದು ವರ್ಷ ಗಮನಿಸಿದಾಗ ಅದಕ್ಕೂ ಆಧಾರ ಸಿಗಲಿಲ್ಲ.

ರೋಗಿಗಳ ಊಟ ಎಂಥದು, ಮನೆ ಎಂಥದು, ಎಷ್ಟು ದುಡಿಯುತ್ತಿದ್ದರು ಎಂಬುದನ್ನೆಲ್ಲ ಆ ಕೇಂದ್ರದವರು ಬರೆದಿಟ್ಟರು. ಬೇರೆ ದೇಶದ ವೈದ್ಯರು ಅನುಮಾನಪಟ್ಟು ಪ್ರಶ್ನೆ ಹಾಕಲು, ತಾಳೆ ನೋಡಲು, ಕೊನೆಗೆ ನಂಬಲು ಅದರಿಂದಲೇ ಸಾಧ್ಯವಾಯಿತು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ಅಲ್ಲಿ ರೂಪುಗೊಂಡ ರಾಷ್ಟ್ರೀಯ ಕಾರ್ಯಕ್ರಮ ರೋಗಿಯನ್ನು ಮನೆಯಲ್ಲಿಟ್ಟೇ ಗುಣಪಡಿಸುವ ದಾರಿ ಹಿಡಿಯಿತು.

ಇಂಥ ವರದಿಗಳೇ ರೂಢಿಯಾಗಿದ್ದರೆ ಮುಂದಿನ ಕಥೆ ಹೇಳಬೇಕಾಗಿರಲಿಲ್ಲ. 1994ರಲ್ಲಿ ಡಗ್ಲಸ್ ಆಲ್ಟ್‌ಮನ್ ಎಂಬ ಬ್ರಿಟಿಷ್ ಸಂಖ್ಯಾಶಾಸ್ತ್ರಜ್ಞ ಅಲ್ಲಿನ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಕಟುವಾದ ಸಂಪಾದಕೀಯವೊಂದನ್ನು ಬರೆದರು. ವೈದ್ಯಕೀಯ ಸಂಶೋಧನೆಯ ಹೆಸರಿನಲ್ಲಿ ಬರುವ ಎಷ್ಟೋ ಬರಹಗಳ ವಿಧಾನವೇ ತಪ್ಪು, ಬಡ್ತಿಗಾಗಿ ಬರೆಯುವ ಸಂಶೋಧನೆ ಕಡಿಮೆಯಾಗಲಿ, ಒಳ್ಳೆಯ ಸಂಶೋಧನೆ ಬರಲಿ ಎಂಬುದು ಅದರ ಸಾರ.

ಮರುವರ್ಷ ಕೆನ್ನೆತ್ ಶುಲ್ಜ್ ಮತ್ತು ಆಲ್ಟ್‌ಮನ್ ಸೇರಿದಂತೆ ನಾಲ್ವರು ಒಂದು ವಿಶಿಷ್ಟ ಅಧ್ಯಯನ ಪ್ರಕಟಿಸಿದರು. ಅವರು ಯಾವ ರೋಗಿಯನ್ನೂ ಮುಟ್ಟಲಿಲ್ಲ. ಗರ್ಭಿಣಿಯರ ಆರೈಕೆ ಮತ್ತು ಹೆರಿಗೆಗೆ ಸಂಬಂಧಿಸಿದ 250 ಪ್ರಯೋಗಗಳ ವರದಿಗಳನ್ನೇ ರೋಗಿಗಳಂತೆ ಮೇಜಿನ ಮೇಲೆ ಮಲಗಿಸಿ ಪರೀಕ್ಷಿಸಿದರು. ಅವರ ಮುಖ್ಯ ಪ್ರಶ್ನೆ ಲಕೋಟೆಯದು. ಮುಂದಿನ ರೋಗಿಗೆ ಯಾವ ಚಿಕಿತ್ಸೆ ಬರಲಿದೆ ಎಂಬುದು ವೈದ್ಯನಿಗೆ ಮೊದಲೇ ಗೊತ್ತಾಗದಂತೆ ಬಚ್ಚಿಟ್ಟಿದ್ದರೇ?

ಇದೇಕೆ ಅಷ್ಟು ಮುಖ್ಯ? ಶಾಲೆಯ ಮೈದಾನದಲ್ಲಿ ಕಬಡ್ಡಿ ತಂಡ ಮಾಡುವುದನ್ನು ನೆನೆಯಿರಿ. ಚೀಟಿ ಎತ್ತಿ ತಂಡ ಮಾಡಿದರೆ ಗಟ್ಟಿಗರು ಎರಡೂ ಕಡೆ ಹಂಚಿಹೋಗುತ್ತಾರೆ. ಚೀಟಿಯಲ್ಲಿ ಏನಿದೆ ಎಂದು ನಾಯಕನಿಗೆ ಮೊದಲೇ ಕಂಡರೆ ಗಟ್ಟಿಗರೆಲ್ಲ ಒಂದೇ ಕಡೆ ಸೇರುತ್ತಾರೆ. ವೈದ್ಯನೂ ಮನುಷ್ಯನೇ. ಹೊಸ ಔಷಧಿಯ ಮೇಲೆ ಅವನಿಗೆ ನಂಬಿಕೆಯಿದ್ದರೆ, ಚೇತರಿಸಿಕೊಳ್ಳುವ ಲಕ್ಷಣವಿರುವ ರೋಗಿಯನ್ನು ಅರಿವಿಲ್ಲದೆಯೇ ಆ ಕಡೆಗೆ ತಳ್ಳುತ್ತಾನೆ. ಮುಚ್ಚಿದ ಲಕೋಟೆಯನ್ನು ದೀಪಕ್ಕೆ ಅಡ್ಡ ಹಿಡಿದು ಒಳಗಿನದನ್ನು ಓದಿದವರೂ ಇದ್ದರೆಂದು ಶುಲ್ಜ್ ಇನ್ನೊಂದು ಲೇಖನದಲ್ಲಿ ದಾಖಲಿಸಿದ್ದಾರೆ.

ಸರಿಯಾಗಿ ಬಚ್ಚಿಡದ ಪ್ರಯೋಗಗಳಲ್ಲಿ ಚಿಕಿತ್ಸೆಯ ಫಲವನ್ನು ತೋರಿಸುವ ಅನುಪಾತ ಸರಾಸರಿ ಶೇಕಡಾ 41ರಷ್ಟು ಉಬ್ಬಿತ್ತು. ಇದಕ್ಕಿಂತ ಕುತೂಹಲದ ಅಂಕಿ ಇನ್ನೊಂದಿದೆ. ಬಚ್ಚಿಟ್ಟರೋ ಇಲ್ಲವೋ ಎಂಬುದನ್ನು ಸ್ಪಷ್ಟವಾಗಿ ಬರೆಯದ ವರದಿಗಳೂ ಇದ್ದವಲ್ಲ, ಅವುಗಳಲ್ಲಿಯೂ ಶೇಕಡಾ 30ರಷ್ಟು ಉಬ್ಬಿತ್ತು. 'ಬರೆಯಲು ಮರೆತೆವು, ಮಾಡುವುದನ್ನೇನೂ ಮರೆತಿರಲಿಲ್ಲ' ಎಂಬ ಸಮಜಾಯಿಷಿಯನ್ನು ಈ ಅಂಕಿ ಒಪ್ಪುವುದಿಲ್ಲ.

1996ರಲ್ಲಿ ಸಂಶೋಧಕರು, ಸಂಖ್ಯಾಶಾಸ್ತ್ರಜ್ಞರು ಮತ್ತು ಪತ್ರಿಕಾ ಸಂಪಾದಕರು ಸೇರಿ ಕನ್ಸಾರ್ಟ್ ಎಂಬ ನಿಯಮಾವಳಿಯನ್ನು ಹೊರತಂದರು. ಯಾದೃಚ್ಛಿಕ ಪ್ರಯೋಗದ ವರದಿಯಲ್ಲಿ ಏನೇನು ಇರಲೇಬೇಕು ಎಂಬ 21 ಅಂಶಗಳ ಪಟ್ಟಿ, ಜೊತೆಗೊಂದು ನಕ್ಷೆ. ಡೇವಿಡ್ ಮೋಹರ್, ಶುಲ್ಜ್ ಮತ್ತು ಆಲ್ಟ್‌ಮನ್ ಅದನ್ನು 2001 ಮತ್ತು 2010ರಲ್ಲಿ ಪರಿಷ್ಕರಿಸಿದರು. 2025ರ ಪರಿಷ್ಕರಣೆಯಲ್ಲಿ 30 ಅಂಶಗಳಿವೆ. ಆಲ್ಟ್‌ಮನ್ 2018ರಲ್ಲಿ ತೀರಿಕೊಂಡರು. ನಾನಾ ಬಗೆಯ ಸಂಶೋಧನೆಗಳ ಇಂಥ ಪಟ್ಟಿಗಳನ್ನು ಒಂದೆಡೆ ಸೇರಿಸಲು 2008ರಲ್ಲಿ ಅವರು ಮತ್ತು ಸಂಗಡಿಗರು ಆರಂಭಿಸಿದ ಈಕ್ವೇಟರ್ ಎಂಬ ಜಾಲ ಈಗಲೂ ಕೆಲಸ ಮಾಡುತ್ತಿದೆ.

ಆ ನಕ್ಷೆಯ ಕೆಲಸ ಶೈಕ್ಷಣಿಕ ಪ್ರವಾಸಕ್ಕೆ ಮಕ್ಕಳನ್ನು ಕರೆದೊಯ್ದ ಮೇಷ್ಟ್ರ ಕೆಲಸದಂತೆಯೇ. ಊರಿನಿಂದ ಹೊರಟಾಗ 52 ಮಕ್ಕಳು. ಬೇಲೂರಿನಲ್ಲಿ ಇಳಿದಾಗ ಎಣಿಸಬೇಕು, ಹಳೇಬೀಡಿನಲ್ಲಿ ಹತ್ತಿದಾಗ ಎಣಿಸಬೇಕು. 49 ಆದರೆ ಉಳಿದ ಮೂವರು ಎಲ್ಲಿ ಎಂದು ಹೇಳಲೇಬೇಕು. ಪ್ರಯೋಗದಲ್ಲೂ ಎಷ್ಟು ಜನ ಸೇರಿದರು, ಎಷ್ಟು ಜನ ಚಿಕಿತ್ಸೆ ಪಡೆದರು, ಎಷ್ಟು ಜನ ನಡುವೆ ಬಿಟ್ಟರು, ಏಕೆ, ಕೊನೆಯ ಲೆಕ್ಕದಲ್ಲಿ ಎಷ್ಟು ಜನ ಇದ್ದಾರೆ ಎಂಬುದನ್ನು ನಕ್ಷೆ ತೋರಿಸಬೇಕು. ಔಷಧಿ ತಾಳಲಾರದೆ ಓಡಿಹೋದವರನ್ನು ಲೆಕ್ಕದಿಂದ ಬಿಟ್ಟರೆ ಉಳಿದವರೆಲ್ಲ ಗುಣವಾದಂತೆಯೇ ಕಾಣುತ್ತದೆ.

ಪಟ್ಟಿ ಬಂದ ಮಾತ್ರಕ್ಕೆ ಎಲ್ಲ ಸರಿಹೋಯಿತೆಂದಲ್ಲ. 16,604 ಪ್ರಯೋಗಗಳನ್ನು ಒಳಗೊಂಡ ಐವತ್ತು ಅಧ್ಯಯನಗಳ ಸಮೀಕ್ಷೆಯೊಂದು 2012ರಲ್ಲಿ ಬಂತು. ಕನ್ಸಾರ್ಟನ್ನು ಒಪ್ಪಿದ ಪತ್ರಿಕೆಗಳ ವರದಿಗಳು ಹೆಚ್ಚು ಪೂರ್ಣವಾಗಿದ್ದವು, ಆದರೂ ಕೊರತೆ ಉಳಿದೇ ಇತ್ತು ಎಂಬುದು ಅದರ ತೀರ್ಮಾನ. ಸ್ಪಷ್ಟವಾಗಿ ಬರೆದ ಮಾತ್ರಕ್ಕೆ ಕೆಟ್ಟ ಪ್ರಯೋಗ ಒಳ್ಳೆಯದಾಗುವುದೂ ಇಲ್ಲ. ಅದರ ಕೆಟ್ಟತನ ಓದುವವನ ಕಣ್ಣಿಗೆ ಬೀಳುತ್ತದೆ, ಅಷ್ಟು ಉಪಕಾರ.

ಇಲ್ಲಿ ಚುರುಕಾದ ವಿದ್ಯಾರ್ಥಿ ಒಂದು ಪ್ರಶ್ನೆ ಕೇಳಬೇಕು. ಪ್ರಯೋಗಗಳ ವರದಿಯನ್ನು ಶುಲ್ಜ್ ಅಂಥವರು ಪರೀಕ್ಷಿಸಿದರು. ಅವರ ವರದಿಯನ್ನು ಪರೀಕ್ಷಿಸುವವರು ಯಾರು?

ಪ್ರಶ್ನೆ ಉಡಾಫೆಯದಲ್ಲ. ಸಂಶೋಧನೆಯ ವಿಧಾನಗಳನ್ನೇ ಸಂಶೋಧಿಸುವುದು ಈಗ ಒಂದು ದೊಡ್ಡ ಶಾಖೆಯಾಗಿ ಬೆಳೆದಿದೆ. ಒಬ್ಬರು 'ನೂರು ವರದಿ ನೋಡಿದೆವು, ಅರವತ್ತು ಅಪೂರ್ಣ' ಎಂದು ಬರೆದರೆನ್ನಿ. ಯಾವ ನೂರು? ಯಾವ ಪತ್ರಿಕೆಗಳವು, ಯಾವ ವರ್ಷಗಳವು? ಚೀಟಿ ಎತ್ತಿ ಆರಿಸಿದರೋ, ಬೈಯಲು ಅನುಕೂಲವಾದವನ್ನೇ ಹೆಕ್ಕಿದರೋ? 'ಅಪೂರ್ಣ' ಎಂದರೆ ಏನೆಂದು ಮೊದಲೇ ಬರೆದಿಟ್ಟಿದ್ದರೋ, ಓದಿದ ಮೇಲೆ ತೀರ್ಮಾನಿಸಿದರೋ? ಇಬ್ಬರು ಬೇರೆ ಬೇರೆಯಾಗಿ ಓದಿದರೇ? ಅವರಲ್ಲಿ ಭಿನ್ನಾಭಿಪ್ರಾಯ ಬಂದಾಗ ಯಾರ ಮಾತು ನಡೆಯಿತು? ಇವಿಷ್ಟನ್ನು ಹೇಳದ ಪರೀಕ್ಷಕನೂ ರೀಡಿಂಗ್ ಅಡ್ಜಸ್ಟ್ ಮಾಡುವ ಹುಡುಗನ ಸಾಲಿಗೇ ಸೇರುತ್ತಾನೆ.

ಸಂತೆಯ ಅಂಗಡಿಯವನ ತಕ್ಕಡಿಯ ಕಲ್ಲುಗಳನ್ನು ಅಳತೆ ಮತ್ತು ತೂಕದ ಇನ್‌ಸ್ಪೆಕ್ಟರು ಪರೀಕ್ಷಿಸಿ ಮುದ್ರೆ ಒತ್ತುತ್ತಾರೆ. ಆದರೆ ಇನ್‌ಸ್ಪೆಕ್ಟರ ಕೈಯಲ್ಲಿರುವ ತೂಕವನ್ನೂ ಕಾಲಕಾಲಕ್ಕೆ ಮೇಲಿನ ದರ್ಜೆಯ ತೂಕದೊಂದಿಗೆ ತಾಳೆ ನೋಡಬೇಕೆಂಬ ನಿಯಮವಿದೆ. ಅಂಥ ಮೇಲಿನ ದರ್ಜೆಯ ಅಳತೆಗಳ ಪ್ರಯೋಗಾಲಯವೊಂದು ಬೆಂಗಳೂರಿನಲ್ಲೂ ಇದೆ. 'ನಾನು ಪರೀಕ್ಷಿಸುವವನು, ನನ್ನನ್ನೇಕೆ ಪರೀಕ್ಷಿಸುತ್ತೀರಿ' ಎಂದು ಯಾವ ಇನ್‌ಸ್ಪೆಕ್ಟರೂ ಹೇಳುವಂತಿಲ್ಲ. ಸಂಶೋಧನೆಯಲ್ಲೂ ಅದೇ ನಿಯಮ ಬರುತ್ತಿದೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಜೊತೆಗಾರರು ವಿಧಾನಗಳ ಅಧ್ಯಯನವನ್ನು ಹೇಗೆ ಮಾಡಬೇಕೆಂದು 2020ರಲ್ಲಿ ಒಂದು ಪಾಠವನ್ನೇ ಬರೆದು ಪ್ರಕಟಿಸಿದರು. ಅಂಥ ಅಧ್ಯಯನಗಳ ವರದಿಗೂ ಪ್ರತ್ಯೇಕ ಪಟ್ಟಿ ಬೇಕೆಂದು ಆ ಕೆಲಸಕ್ಕೂ ಕೈಹಾಕಿದರು.

ತಂದೆತಾಯಿಯರಿಗೆ ಇದರಿಂದ ಏನು ಪ್ರಯೋಜನ? ಮಕ್ಕಳ ನೆನಪಿನ ಶಕ್ತಿ ಹೆಚ್ಚಿಸುವ ಪುಡಿ, ಎತ್ತರ ಬೆಳೆಸುವ ಪೇಯ ಎಂದು ಜಾಹೀರಾತು ಬಂದಾಗ ಕೆಳಗೆ ಸಣ್ಣ ಅಕ್ಷರದಲ್ಲಿ 'ವೈಜ್ಞಾನಿಕವಾಗಿ ಸಾಬೀತಾಗಿದೆ' ಎಂದಿರುತ್ತದೆ. ಎಷ್ಟು ಮಕ್ಕಳಿಗೆ ಕೊಟ್ಟರು, ಕೊಡದ ಮಕ್ಕಳ ಗುಂಪು ಇತ್ತೇ, ಎರಡು ಗುಂಪನ್ನು ಯಾರು ಹೇಗೆ ಹಂಚಿದರು, ನಡುವೆ ಬಿಟ್ಟವರೆಷ್ಟು, ವರದಿ ಎಲ್ಲಿ ಪ್ರಕಟವಾಗಿದೆ ಎಂದು ಕೇಳಿದರೆ ಸಾಕು. ಡಬ್ಬಿ ಕೊಳ್ಳುವ ಅವಸರ ಬಹುಪಾಲು ಇಳಿಯುತ್ತದೆ. ಮನುಷ್ಯರ ಮೇಲೆ ನಡೆಯುವ ಔಷಧಿ ಪ್ರಯೋಗಗಳನ್ನು ಮೊದಲೇ ನೋಂದಾಯಿಸಲು ನಮ್ಮ ದೇಶದಲ್ಲಿ 2007ರಲ್ಲಿ ಸಾರ್ವಜನಿಕ ದಾಖಲೆಯೊಂದು ಆರಂಭವಾಯಿತು. 2009ರ ಜೂನ್ 15ರಿಂದ ಔಷಧ ನಿಯಂತ್ರಕರು ಈ ನೋಂದಣಿಯನ್ನು ಕಡ್ಡಾಯ ಮಾಡಿದರು. ಅದನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಏನನ್ನು ಅಳೆಯುತ್ತೇವೆಂದು ಮುಂಚೆಯೇ ಬರೆದಿಟ್ಟವನು ಆಮೇಲೆ ತನಗೆ ಬೇಕಾದುದನ್ನಷ್ಟೇ ಹೆಕ್ಕಿ ತೋರಿಸಿದರೆ ಸಿಕ್ಕಿಬೀಳುತ್ತಾನೆ. ಪ್ರಕಟಿಸದೆ ಬಿಟ್ಟರೂ ಅಂಥದೊಂದು ಪ್ರಯೋಗ ನಡೆದಿತ್ತೆಂಬ ಗುರುತು ಉಳಿಯುತ್ತದೆ. 1980ರಲ್ಲಿ ಇಂಥದೊಂದು ದಾಖಲೆ ಇದ್ದಿದ್ದರೆ ಲೋರ್ಕೈನೈಡ್ ಪ್ರಯೋಗ ಏನಾಯಿತೆಂದು ಯಾರಾದರೂ ಕೇಳಬಹುದಿತ್ತು.

ಇನ್ನು ಮಕ್ಕಳ ರೆಕಾರ್ಡ್ ಪುಸ್ತಕ. ಇಂದು ಲೋಲಕ ತೂಗುವವರಲ್ಲಿ ಕೆಲವರು ನಾಳೆ ವೈದ್ಯರಾಗುತ್ತಾರೆ, ಔಷಧಿ ಕಂಪನಿ ಸೇರುತ್ತಾರೆ, ಸಂಶೋಧನೆಯ ಅಂಕಿ ಬರೆಯುತ್ತಾರೆ. ಕೈಗೆ ಹತ್ತಿದ ಅಭ್ಯಾಸ ಅಲ್ಲಿಗೂ ಜೊತೆಗೆ ಹೋಗುತ್ತದೆ. 980 ಬರದಿದ್ದರೆ ಅಂಕ ಕತ್ತರಿಸುವ ಮೇಷ್ಟ್ರೂ, 'ಎಲ್ಲರಿಗೂ ಬಂತು, ನಿನಗೇಕೆ ಬರಲಿಲ್ಲ' ಎಂದು ಗದರಿಸುವ ಮನೆಯವರೂ ಆ ಅಭ್ಯಾಸಕ್ಕೆ ನೀರೆರೆಯುತ್ತಾರೆ.

1082 ಬಂದ ಹುಡುಗ ಕೋಷ್ಟಕದಲ್ಲಿ 38.2 ಎಂದೇ ಬರೆಯಲಿ. ಅದರ ಕೆಳಗೆ 'ಎಣಿಕೆಯನ್ನು ಒಂದರಿಂದ ಶುರುಮಾಡಿದೆ' ಎಂದೊಂದು ಸಾಲು ಸೇರಿಸಿ, ಮತ್ತೆ ಅಳೆದು ಎರಡನೆಯ ಕೋಷ್ಟಕ ಹಾಕಲಿ. ಮೊದಲನೆಯದನ್ನು ಹೊಡೆದು ಹಾಕುವುದು ಬೇಡ. ಮೇಷ್ಟ್ರು ಆ ಪುಟಕ್ಕೆ ಪೂರ್ತಿ ಅಂಕ ಕೊಡಲಿ.